ಸೀಮೆಸುಣ್ಣದ ಹದಿನೇಳು

ನಾನು ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದವನು. ಎಸ್ಸೆಸ್ಸೆಲ್ಸಿ ಮುಗಿಸಿ ಮುಂಬಯಿಗೆ ಬಂದೆ, ಸಯನ್‌ನಲ್ಲಿ ಮನೆ ಮಾಡಿದೆ, ಜೋಗೇಶ್ವರಿಯ ಒಂದು ಲೇಬಲ್ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದೆ. ತೊಂಬತ್ತರ ದಶಕದ ಆರಂಭದಲ್ಲಿ ಅಲ್ಲಿಗೆ ಕಂಪ್ಯೂಟರ್ ಬಂತು. ಅದರ ಹಿಂದೆಯೇ ವಿಜಾಪುರದ ಕಡೆಯ ಒಬ್ಬ ಹೆಣ್ಣುಮಗಳು ಕೆಲಸಕ್ಕೆ ಸೇರಿದಳು. ದಾದರ್‌ನ ಯಾವುದೋ ಕ್ಲಾಸಿನಲ್ಲಿ ಕಲಿತವಳು. ಅವಳ ಗಂಡ ಕಟ್ಟಡದ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡು ಚಾಳಿನಲ್ಲಿ ಮಲಗಿದ್ದ. ಮನೆ ನಡೆಯುತ್ತಿದ್ದುದು ಅವಳ ಕೆಲಸದಿಂದ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಇನ್ನು ನೀವಿಬ್ಬರೂ ಬೇಡ, ಒಬ್ಬರು ಸಾಕು ಎಂದು ಕಾರ್ಖಾನೆಯ ಮಾಲೀಕರಾದ ಸೇಠ್ ಹೇಳಿ ಒಂದು ವಾರವಾಗಿತ್ತು.

ಹಳೆಯ ಕಂಪ್ಯೂಟರ್ ಸಾಯುತ್ತಿತ್ತು. ಅದರ ಹಾರ್ಡ್ ಡಿಸ್ಕ್ ಬಿಚ್ಚಿ ಹೊಸದಕ್ಕೆ ಹಾಕಬೇಕಿತ್ತು; ಗಿರಾಕಿಗಳ ಆರ್ಡರು, ವಿಳಾಸ ಎಲ್ಲ ಅದರಲ್ಲಿದ್ದವು. ಆಗಿನ ಕಂಪ್ಯೂಟರಿಗೆ ತನ್ನೊಳಗಿನ ಡಿಸ್ಕ್ ಯಾವುದೆಂದು ತಾನಾಗಿ ತಿಳಿಯುತ್ತಿರಲಿಲ್ಲ. ನಲವತ್ತಕ್ಕೂ ಹೆಚ್ಚು ನಂಬರುಗಳ ಪಟ್ಟಿಯಲ್ಲಿ ಸರಿಯಾದುದನ್ನು ನಾವೇ ಆರಿಸಿ ಕೊಡಬೇಕು. ತಪ್ಪಿದರೆ ಅದು ಶುರುವಾಗುವುದಿಲ್ಲ. ಅವಳು ಬೆಳಿಗ್ಗೆ ಹಳೆಯದನ್ನು ಕೊನೆಯ ಸಲ ಚಾಲೂ ಮಾಡಿ, ನಂಬರು ನೋಡಿ, ಬಿಚ್ಚಿಟ್ಟ ಅದರ ಮುಚ್ಚಳದ ಒಳಮೈಗೆ ಸೀಮೆಸುಣ್ಣದಲ್ಲಿ ಬರೆದಳು: 17. ಹಾಗೆ ಬರೆದಿಡುವುದು ನಮ್ಮ ಟೈಪ್‌ರೈಟರಿನವರ ಪದ್ಧತಿ. ಕಲಿಸಿದವನು ನಾನೇ. "ಕಾಗದ ಕಳೆಯುತ್ತೆ. ಮುಚ್ಚಳ ಎಲ್ಲಿಗೆ ಹೋಗುತ್ತಮ್ಮಾ?" ಎಂದಿದ್ದೆ.

ಮಧ್ಯಾಹ್ನ ಜೊತೆಗೆ ಉಂಡೆವು. ದಿನವೂ ನನಗೆಂದು ಎರಡು ಜೋಳದ ರೊಟ್ಟಿ, ಎಣ್ಣೆ ಕಲಸಿದ ಶೇಂಗಾ ಚಟ್ನಿ ತರುತ್ತಿದ್ದಳು. ಅವಳು ಕೈ ತೊಳೆಯಲು ಹೋದಾಗ, ನಾನು ಉಂಡ ಕೈಯ ಹೆಬ್ಬೆರಳಿನಿಂದ ಆ ಒಂದನ್ನು ಒರೆಸಿದೆ. 7 ಉಳಿಯಿತು.

ಅವಳು ಡಿಸ್ಕ್ ಜೋಡಿಸಿ ಏಳನ್ನು ಆರಿಸಿದಳು. ಕಪ್ಪು ಪರದೆಯ ಮೇಲೆ ಒಂದು ಸಾಲು ಇಂಗ್ಲಿಷ್ ಬಂದು ನಿಂತಿತು, ವಿಂಡೋಸ್ ಬರಲಿಲ್ಲ. ಕೇಬಲ್ ಕಿತ್ತು ಮತ್ತೆ ಹಾಕಿದಳು. ಫ್ಲಾಪಿಯಿಂದ ಶುರು ಮಾಡಿ ನೋಡಿದಳು. ಡಿಸ್ಕ್ ಇದೆ ಎಂದೇ ಅದು ಒಪ್ಪಲಿಲ್ಲ. ಹಳೆಯದನ್ನು ಚಾಲೂ ಮಾಡಿ ನಂಬರು ನೋಡೋಣವೆಂದರೆ ಅದು ಪೂರ್ತಿ ಸತ್ತಿತ್ತು.

"ಅಣ್ಣಾರ, ನಾ ಎರಡಂಕಿ ನೋಡಿದಂಗ ನೆನಪೈತ್ರಿ."

"ನಿನ್ನ ಕೈಬರಹ ತಾನೇ ಅದು? ದಾದರ್ ಕ್ಲಾಸಲ್ಲಿ ಅಂಕಿ ಬರೆಯೋದು ಹೇಳಿಕೊಡಲಿಲ್ವೇನಮ್ಮಾ?"

ಪ್ಯಾಕಿಂಗಿನವರು ನಕ್ಕರು. ಅವರು ನಕ್ಕಿದ್ದು ನನಗೆ ಹಿತವಾಯಿತು. ಅದನ್ನೂ ಇಲ್ಲಿ ಹೇಳಿಬಿಡಬೇಕು.

ಅವಳು ಅಳಲಿಲ್ಲ. "ಹಂಗಾರ ಒಂದರಿಂದ ಹಿಡದು ಎಲ್ಲಾ ನೋಡತೇನಿ ತಗೋರಿ" ಎಂದು ಕೂತಳು. ಒಂದು, ಎರಡು, ಮೂರು. ಪ್ರತಿ ಸಲ ಆರಿಸಿ, ಶುರು ಮಾಡಿ, ಕಾದು, ಮತ್ತೆ ಮುಂದಿನದು. ಸೇಠ್ ಬಂದು ಬೆನ್ನ ಹಿಂದೆ ನಿಂತರು. ಹನ್ನೆರಡು. ಹದಿಮೂರು. ಹದಿನಾರಕ್ಕೂ ಅದೇ ಸಾಲು ಬಂತು. ಮುಂದಿನದಕ್ಕೆ ಅದು ಶುರುವಾಗುತ್ತದೆಂದು ಆ ಕೋಣೆಯಲ್ಲಿ ನನಗೊಬ್ಬನಿಗೆ ಗೊತ್ತಿತ್ತು.

"ಸೇಠ್‌ಜೀ, ಐಸಾ ಕರೇಗೀ ತೋ ಡಿಸ್ಕ್ ಜಲ್ ಜಾಯೇಗಾ" ಎಂದೆ. ಡಿಸ್ಕ್ ಸುಡುವ ಮಾತು ಶುದ್ಧ ಸುಳ್ಳು.

ಸೇಠ್ ಕೈ ಚಾಚಿ ಸ್ವಿಚ್ ಬಂದ್ ಮಾಡಿದರು. "ಬಸ್, ಬಾಯಿ. ಕಲ್ ಸೇ ಮತ್ ಆನಾ." ನಾಳೆಯಿಂದ ಅವಳು ಬರಬೇಕಿರಲಿಲ್ಲ.

"ಸೇಠ್‌ಜೀ, ಔರ್ ಏಕ್ ಬಾರ್..." ಎಂದಳು. ಅವಳು ಕೇಳಿದ್ದು ಇನ್ನೊಂದೇ ಒಂದು ಸಲ. ಅವರು ಆಗಲೇ ತಿರುಗಿದ್ದರು.

ಅವಳು ಸ್ಕ್ರೂಗಳನ್ನೆಲ್ಲ ಒಂದು ಬಟ್ಟಲಿಗೆ ಹಾಕಿಟ್ಟಳು. ಮುಚ್ಚಳವನ್ನು ಗೋಡೆಗೆ ಒರಗಿಸಲು ಎತ್ತಿದವಳು ಕಿಟಕಿಯ ಬೆಳಕಿಗೆ ಹಿಡಿದು ನಿಂತಳು. ಏಳರ ಎಡಕ್ಕೆ ಎಣ್ಣೆಯ ಕಲೆ, ಅದರಲ್ಲಿ ಚಟ್ನಿಯ ಕೆಂಪು. ನನ್ನ ಕೈಯ ಕಡೆ ನೋಡಿದಳು. ನಾನು ಕೈಯನ್ನು ಜೇಬಿಗೆ ಹಾಕಿದೆ.

ಸೇಠ್ ಇನ್ನೂ ಬಾಗಿಲಲ್ಲೇ ಇದ್ದರು. ಅವಳು ಕೂಗಿ ಹೇಳಬಹುದಿತ್ತು, ಹೇಳಲಿಲ್ಲ. ಡಬ್ಬಿ ತೆಗೆದುಕೊಂಡು ನನ್ನ ಪಕ್ಕ ಹಾದು ಹೋಗುವಾಗ ಮೆಲ್ಲಗೆ, "ನಾಳೆಯಿಂದ ರೊಟ್ಟಿ ನೀವ ಕಟ್ಟಿಕೊಂಡು ಬರ್ರಿ, ಅಣ್ಣಾರ" ಎಂದಳು.

ಮರುದಿನ ಬೆಳಿಗ್ಗೆ ಹದಿನೇಳನ್ನು ಆರಿಸಿದೆ. ವಿಂಡೋಸ್ ಬಂತು. ಸೇಠ್ ನನ್ನ ಬೆನ್ನು ತಟ್ಟಿದರು. ಅವರು ಹೋದ ಮೇಲೆ ಗೋಡೆಗೆ ಒರಗಿದ್ದ ಮುಚ್ಚಳ ಎತ್ತಿಕೊಂಡು, ಏಳರ ಹಿಂದೆ ಒಂದನ್ನು ಮತ್ತೆ ಬರೆಯಲು ಹೋದೆ. ಎಣ್ಣೆಯ ಮೇಲೆ ಸೀಮೆಸುಣ್ಣ ಹತ್ತಲಿಲ್ಲ.