ಅಪ್ಪನನ್ನು ಕರೆದೊಯ್ಯದೆ ಕೊಂಡ ಕಾರು

ಖಾನಾಪುರದಲ್ಲಿ ಹಳೆಯ ಗಾಡಿ ಕೊಳ್ಳುವವರು ಮೊದಲು ಅದನ್ನು ನಮ್ಮ ಮನೆಯ ಮುಂದೆ ತಂದು ನಿಲ್ಲಿಸುತ್ತಿದ್ದರು. ಅಪ್ಪ ಮೂವತ್ತು ವರ್ಷ ಕಣಕುಂಬಿ ಕಾಡಿನಿಂದ ಬೆಳಗಾವಿಗೆ ಮರದ ದಿಮ್ಮಿ ಸಾಗಿಸಿದ ಲಾರಿ ಡ್ರೈವರ್. ಕಣ್ಣು ಮಂಜಾಗಿ ಸ್ಟೇರಿಂಗ್ ಬಿಟ್ಟ ಮೇಲೂ ಕಿವಿ ಚುರುಕಾಗಿತ್ತು. ಓಡುವ ಇಂಜಿನ್ನಿಗೆ ಸ್ಕ್ರೂಡ್ರೈವರಿನ ತುದಿ ಹಚ್ಚಿ, ಹಿಡಿಕೆಯನ್ನು ಕಿವಿಗೊತ್ತಿ ಕೇಳುತ್ತಿದ್ದ. ಅವನು "ತಗೋರಿ" ಅಂದರೆ ಮುಗಿಯಿತು, ವ್ಯವಹಾರ ಕುದುರಿದಂತೆಯೇ. ಒಂದು ಕಪ್ ಚಹಾ ಬಿಟ್ಟರೆ ಯಾರಿಂದಲೂ ಏನೂ ಮುಟ್ಟುತ್ತಿರಲಿಲ್ಲ.

ಅಂಥವನ ಮಗ ನಾನು, ಬೆಳಗಾವಿಯ ಕಚೇರಿಯೊಂದರ ಗುಮಾಸ್ತ, ಎಂಬತ್ತರ ದಶಕದ ಆರಂಭದಲ್ಲಿ ಅಲ್ಲಿನ ದಂಡು ಪ್ರದೇಶ ಕ್ಯಾಂಪಿನ ಬಂಗಲೆಯೊಂದಕ್ಕೆ ಹೋಗಿ ಅರ್ಧ ಗಂಟೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡುಬಿಟ್ಟೆ. ಹುಬ್ಬಳ್ಳಿಯಿಂದ ಇನ್ನೊಬ್ಬರು ನೋಡಲು ಬರುವವರಿದ್ದಾರೆ ಎಂದು ಮಾಲೀಕರು ಹೇಳಿದ್ದೇ ತಡ, ನನ್ನ ತಲೆ ಕೆಟ್ಟಿತು. ಅಪ್ಪನಿಗೆ ಗೊತ್ತಾಗದಂತೆ ತಂದು ಖುಷಿಪಡಿಸಬೇಕೆಂದಿದ್ದೆ ಎಂದು ಆಮೇಲೆ ಹೆಂಡತಿಗೆ ಹೇಳಿದೆ. ಶುದ್ಧ ಸುಳ್ಳು. ಮಾಸಿದ ಖಾಕಿ ಅಂಗಿಯ ಅಪ್ಪನನ್ನು ಆ ಬಂಗಲೆಯ ಅಂಗಳದಲ್ಲಿ ನಿಲ್ಲಿಸಲು ನನಗೆ ನಾಚಿಕೆಯಾಗಿತ್ತು.

ಆ ರವಿವಾರವೇ ಖಾನಾಪುರಕ್ಕೆ ಹೋಗಿ ಮನೆ ಮುಂದೆ ಹಾರ್ನ್ ಹೊಡೆದೆ. ಯಾರೋ ಗಾಡಿ ಕೇಳಿಸಲು ತಂದಿದ್ದಾರೆಂದುಕೊಂಡು ಅಪ್ಪ ಸ್ಕ್ರೂಡ್ರೈವರ್ ಹಿಡಿದೇ ಬಂದ. ನನ್ನ ಗುರುತು ಹತ್ತಲಿಲ್ಲ. ಮಜಾ ನೋಡೋಣವೆಂದು ನಾನೂ ತುಟಿ ಬಿಚ್ಚದೆ ಬಾನೆಟ್ ಎತ್ತಿದೆ. ಅವನು ಬಹಳ ಹೊತ್ತು ಕೇಳಿದ.

"ಬ್ಯಾಡ್ರೀ. ದಪ್ಪ ಆಯಿಲ್ ಹಾಕಿ ಸಪ್ಪಳ ಮುಚ್ಚ್ಯಾರ. ಒಳಗ ಎಲ್ಲಾ ಸವದೈತಿ. ನಿಮಗ ಮೋಸ ಮಾಡಾಕತ್ತಾರ."

"ಯಪ್ಪಾ, ನಾನು. ತಗೊಂಡಬಿಟ್ಟೇನಿ."

ಅವನ ಕೈ ಕೆಳಗಿಳಿಯಿತು. ಸ್ಕ್ರೂಡ್ರೈವರ್ ಜೇಬಿಗಿಳಿಸಿ ನನ್ನ ಮುಖವಿದ್ದ ಕಡೆ ತಿರುಗಿದ.

"ಹಂಗಾರ ಚಲೋನ ಐತಿ ಬಿಡು. ನಡಿ, ಒಂದ ಸುತ್ತ ಹೋಗಿ ಬರೂಣು."

ದಾರಿಯುದ್ದಕ್ಕೂ ಸೀಟು ಮೆತ್ತಗಿದೆ, ಗಾಳಿ ಚೆನ್ನಾಗಿ ಬರುತ್ತದೆ ಎಂದು ಹೊಗಳಿದ. ಇಂಜಿನ್ನಿನ ಮಾತೆತ್ತಲಿಲ್ಲ. ಒಮ್ಮೆ ಬೈದಿದ್ದರೆ ನನ್ನ ಜೀವಕ್ಕೆ ಎಷ್ಟೋ ಹಗುರಾಗುತ್ತಿತ್ತು.

ಎರಡು ತಿಂಗಳೂ ಆಗಿರಲಿಲ್ಲ, ಸಂತೆಯ ದಿನ ಖಾನಾಪುರ ಪೇಟೆಯ ನಟ್ಟನಡುವೆ ಇಂಜಿನ್ ಹಿಡಿದುಕೊಂಡು ಕಾರು ನಿಂತುಬಿಟ್ಟಿತು. ಅಪ್ಪ ಪಕ್ಕದಲ್ಲೇ ಕೂತಿದ್ದ. ಮಂದಿ ಕೂಡಿತು. ಹಿಂದೆ ಅಪ್ಪನ ಮಾತು ಕೇಳಿ ಜೀಪು ಕೊಂಡಿದ್ದ ಒಬ್ಬರು ತಳ್ಳುತ್ತಲೇ ನಕ್ಕರು.

"ಏನ್ರೀ ಮಾಮಾ, ಊರ ಮಂದಿ ಗಾಡಿ ಕೇಳ್ತೀರಿ, ಮಗನ ಗಾಡಿ ಕೇಳಲಿಲ್ಲೇನ್ರಿ?"

"ಕೇಳಿದ್ನೆಪಾ," ಅಂದ ಅಪ್ಪ. "ನಾನ ತಗೋ ಅಂದಿದ್ದೆ. ಕಣ್ಣಿನಗತೆ ಕಿವೀನೂ ಹೋದ್ವು ಕಾಣಸ್ತೈತಿ."

ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಾನು ಅಲ್ಲೇ ನಿಂತಿದ್ದೆ. ನಿಜ ಹೇಳಲು ಒಂದು ಮಾತು ಸಾಕಿತ್ತು. ಅಷ್ಟು ಜನರೆದುರು ದಡ್ಡನಾಗುವುದಕ್ಕಿಂತ ಅಪ್ಪನ ಮಾತು ಕೇಳಿ ಮೋಸಹೋದ ಮಗನಾಗುವುದೇ ನನಗೆ ಹಿತವೆನಿಸಿತು. ಸುಮ್ಮನೆ ಕಾರು ತಳ್ಳಿದೆ.

ಕಾರನ್ನು ಗುಜರಿಗೆ ಹಾಕಿದೆ. ಅಪ್ಪ ಇನ್ನೂ ಆರು ವರ್ಷ ಬದುಕಿದ್ದ. ಗಾಡಿ ಕೇಳಿಸಲು ಮತ್ತೆ ಯಾರೂ ಬರಲಿಲ್ಲ. ನಮ್ಮ ಓಣಿಯಲ್ಲಿ ಯಾವುದಾದರೂ ಗಾಡಿ ನಿಧಾನವಾದರೆ ಕಟ್ಟೆಯಿಂದ ಅರ್ಧ ಏಳುತ್ತಿದ್ದ. ಅದು ಮುಂದೆ ಹೋದ ಮೇಲೆ ಮತ್ತೆ ಕೂರುತ್ತಿದ್ದ.