‘ಬೇಡ’ ಎಂಬ ಎಲೆ

ಒಂದು ರಟ್ಟಿನ ತುಂಡಿನ ಮೇಲೆ ನನಗೆ ಅಷ್ಟು ಸಿಟ್ಟು ಬರುತ್ತದೆಂದು ನಾನೇ ಎಣಿಸಿರಲಿಲ್ಲ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ನನ್ನ ಮಗಳು ಮಾಡಿದ ಆಟದ ಎಲೆ ಅದು. ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಬೇಡ’ ಎಂದಷ್ಟೇ ಬರೆದಿತ್ತು.

ಮಗಳು ಬಿ.ಎಸ್ಸಿ. ಓದಿದವಳು. ಹಾಲ್ಕುರಿಕೆ ಹತ್ತಿರದ ನಮ್ಮ ತೆಂಗಿನ ತೋಟದ ಅರ್ಧ ಕೆಲಸ ಅವಳದೇ. ಎರಡು ವರ್ಷದ ಹಿಂದೆ, ಕಾಯಿ ಕೆಡವುವವರು ಸಿಗದೆ ನಾವು ಒದ್ದಾಡುತ್ತಿದ್ದಾಗ, ಯಂತ್ರ ಕಟ್ಟಿಕೊಂಡು ಮರ ಹತ್ತುವುದನ್ನು ಹೆಂಗಸರಿಗೂ ಕಲಿಸುತ್ತಾರೆ, ಹೋಗಿ ಬರಲೇ ಎಂದು ಕೇಳಿದ್ದಳು. ನಾನು ಬೇಡ ಎಂದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಮಕ್ಕಳೆಂದರೆ ಹೀಗಿರಬೇಕು ಎಂದು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡು ತಿರುಗಿದ್ದೆ.

ಮೊಬೈಲಿನಲ್ಲಿ ಎಲೆಗಳ ಯುದ್ಧದಾಟ ಆಡಿ ಆಡಿ ಕಳೆದ ಬೇಸಿಗೆಯಲ್ಲಿ ಅವಳೇ ಒಂದು ಆಟ ಕಟ್ಟಿದಳು. ಕಾಯಿಯ ಎಲೆಯನ್ನು ಎಲ್ಲರಿಗೂ ಕಾಣುವಂತೆ ಚಾಪೆಯ ಮೇಲಿಟ್ಟು, ನೀರಿನ ಎಲೆ, ಗೊಬ್ಬರದ ಎಲೆ ಹಾಕಿ, ಆಮೇಲೆ ಮಗುಚಿ ಅಟ್ಟಕ್ಕೆ ಏರಿಸಬೇಕು. ಅಟ್ಟದಲ್ಲಿ ನಾಲ್ಕು ಸುತ್ತು ಕಾದರೆ ಕೊಬ್ಬರಿ. ಹತ್ತು ಕೊಬ್ಬರಿ ಮೊದಲು ಮಾಡಿದವರು ಗೆದ್ದಂತೆ. ಬೇಕೆಂದರೆ ಕೈಯಿಂದ ನೇರವಾಗಿ ಅಟ್ಟಕ್ಕೂ ಹಾಕಬಹುದು, ಆದರೆ ಆಗ ಎಂಟು ಸುತ್ತು ಕಾಯಬೇಕು. ಅಷ್ಟು ತಾಳ್ಮೆ ನನ್ನ ವಂಶದಲ್ಲೇ ಯಾರಿಗೂ ಇಲ್ಲ.

ಒಂದು ಭಾನುವಾರ ಊಟವಾದ ಮೇಲೆ ಜಗಲಿಯಲ್ಲಿ ನಾನು, ಹೆಂಡತಿ, ಮಗಳು ಆಡಲು ಕೂತೆವು. ‘ಬೇಡ’ ಎಂಬ ಎಲೆ ಪ್ರತಿ ಸಲವೂ ಹೆಂಡತಿಗೇ ಬಿತ್ತು. ನಾನು ಚಾಪೆಯ ಮೇಲೆ ಕಾಯಿ ಇಟ್ಟರೆ ಬೇಡ, ನೀರು ಹಾಕಿದರೆ ಬೇಡ. ನನ್ನ ಎಲೆ ರದ್ದಾಗುತ್ತಿತ್ತು, ಅವಳದು ಮತ್ತೆ ಅವಳ ಕೈಗೇ ಹೋಗುತ್ತಿತ್ತು. ಮೂರು ಆಟ ಸೋತ ಮೇಲೆ ನಾನು ಎಲೆಗಳನ್ನು ಚಾಪೆಗೆ ಒಗೆದು ವಾದಕ್ಕೆ ನಿಂತೆ.

ನುಸಿಯ ಎಲೆಗೆ ಮದ್ದಿನ ಎಲೆಯಿದೆ, ಕೋತಿಯ ಎಲೆಗೆ ಪಟಾಕಿಯ ಎಲೆಯಿದೆ, ಇದಕ್ಕೇನಿದೆ ಎಂದು ಕೇಳಿದೆ. ಖರ್ಚಿಲ್ಲ, ಕಾರಣ ಹೇಳಬೇಕಿಲ್ಲ, ಎಷ್ಟು ಸಲ ಬೇಕಾದರೂ ಬಳಸಬಹುದು. ಇದನ್ನು ಹಿಡಿದವರು ಮೈ ಬಗ್ಗಿಸದೆ ಗೆಲ್ಲುವುದಾದರೆ ಉಳಿದವರು ಆಡುವುದಾದರೂ ಯಾತಕ್ಕೆ? ಮೊಬೈಲ್ ಆಟದಲ್ಲಿ ಯಾವುದಾದರೂ ಎಲೆ ಅತಿಯಾದರೆ ಮಾಡಿದವರೇ ಅದರ ಬಲ ತಗ್ಗಿಸಿ ಬ್ಯಾಲೆನ್ಸ್ ಮಾಡುತ್ತಾರೆಂದು ಮಗಳೇ ಹೇಳಿದ್ದಳು, ಅದನ್ನೂ ಎತ್ತಿ ಆಡಿದೆ. ಇದರ ಹಲ್ಲು ಕೀಳಬೇಕು. ಒಂದಾಟಕ್ಕೆ ಒಂದೇ ಸಲ, ಅದೂ ಕಾರಣ ಹೇಳಿಯೇ ಬಳಸಬೇಕು ಎಂದು ತೀರ್ಪನ್ನೂ ಕೊಟ್ಟೆ. ಇಷ್ಟು ಹೊತ್ತಿಗೆ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

“ಆ ಎಲೆ ಯಾರು ಅಂತ ಇನ್ನೂ ಗೊತ್ತಾಗ್ನಿಲ್ವೇನ್ರೀ?” ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನನಗೆ ಅಷ್ಟೂ ತೋಚಿರಲಿಲ್ಲ. ಕುಂಬಳಕಾಯಿಯನ್ನು ಹೆಗಲ ಮೇಲೆ ಹೊತ್ತುಕೊಂಡೇ ಕಳ್ಳನನ್ನು ಬಯ್ಯುತ್ತಿದ್ದೆ. ಮುಖಕ್ಕೆ ಹೊಡೆದಂತಾಯಿತು. ಮಗಳು ಅಮ್ಮನನ್ನು ಕಣ್ಣಲ್ಲೇ ಗದರಿದಳು. ಅವಳಿಗೆ ನನ್ನನ್ನು ಹಂಗಿಸುವ ಉದ್ದೇಶ ಇರಲಿಲ್ಲ, ಆಟಕ್ಕೊಂದು ಬಲವಾದ ಎಲೆ ಬೇಕಿತ್ತು, ಮನೆಯಲ್ಲಿದ್ದುದನ್ನು ಬಳಸಿಕೊಂಡಿದ್ದಳು ಅಷ್ಟೆ. ನಾನು ಮಾನ ಉಳಿಸಿಕೊಳ್ಳಲು ಹಟ ಬಿಡಲಿಲ್ಲ. ಯಾರಾದರೂ ಇರಲಿ, ಆ ಎಲೆಯೆದುರು ಗೆಲ್ಲಲಾಗದು ಎಂದೆ.

“ಗೆಲ್ಬೋದು ಕಣಪ್ಪ,” ಎಂದಳು ಮಗಳು. “ಚಾಪೆ ಮ್ಯಾಲೆ ಇಟ್ಟಿದ್ಕೆ ತಾನೇ ಅದು ಬೇಡ ಅನ್ನೋದು? ಕೇಳ್ದಂಗೆ ಅಟ್ಟಕ್ಕೆ ಹಾಕ್ಬುಟ್ರೆ ಏನೂ ಮಾಡಕ್ಕಾಗಲ್ಲ. ನಿಧಾನ ಆಯ್ತದೆ, ಅಷ್ಟೇಯ.”

ಆಟದ ಲೆಕ್ಕದಲ್ಲಿ ಅದು ಸರಿಯಾದ ಉತ್ತರವೇ. ಆದರೆ ಅವಳು ಅದನ್ನು ಹೇಳಿದ ರೀತಿಯಿಂದ, ಎಷ್ಟೋ ಸಲ ಮಾಡಿ ನೋಡಿದವರ ಸಲೀಸಿನಿಂದ, ನನಗೆ ಅನುಮಾನ ಬಂತು. ನೀನು ಅಟ್ಟಕ್ಕೆ ಏನು ಹಾಕಿದ್ದೀಯ ಎಂದು ಕೇಳಿದೆ. ಹೆಂಡತಿಯ ನಗು ನಿಂತಿತು. ಮಗಳು ಎಲೆಗಳನ್ನು ಒಟ್ಟುಮಾಡುತ್ತಾ, ಮರ ಹತ್ತುವುದನ್ನು ಕಲಿತೆ ಎಂದಳು. ದಬ್ಬೇಘಟ್ಟದ ಗೆಳತಿಯ ಮನೆಗೆಂದು ಬಸ್ಸು ಹತ್ತಿ ಹೋಗುತ್ತಿದ್ದುದೆಲ್ಲ ಅದಕ್ಕೇ. ಆ ಗೆಳತಿಯ ತೋಟದ ಕಾಯಿಯನ್ನು ಎರಡು ಸಲ ಪೂರ್ತಿ ಇವಳೇ ಕೆಡವಿದ್ದಳು. ಹೆಂಡತಿಗೆ ಎಲ್ಲ ಗೊತ್ತಿತ್ತು.

ಅಷ್ಟೆತ್ತರದ ಮರಗಳಲ್ಲಿ ನನ್ನ ಮಗಳು ನೇತಾಡುತ್ತಿದ್ದಾಗ ನಾನು ಮಂಡಿಯಲ್ಲಿ ಕೂತು ಅವಳ ವಿಧೇಯತೆ ಹೊಗಳುತ್ತಿದ್ದೆ! ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಆ ‘ಬೇಡ’ದ ನಂತರ ಅವಳು ನನ್ನನ್ನು ಏನು ಕೇಳಿದ್ದಾಳೆ ಎಂದು ನೆನಪು ಮಾಡಿಕೊಂಡೆ. ಒಂದೂ ಸಿಗಲಿಲ್ಲ. ಎರಡು ವರ್ಷ ಒಂದೇ ಸೂರಿನಡಿ ಇದ್ದು, ಮಗಳು ಅಪ್ಪನನ್ನು ಒಂದೇ ಒಂದು ವಿಷಯ ಕೇಳಿರಲಿಲ್ಲ, ಮತ್ತು ಅದು ನನಗೆ ಗೊತ್ತೇ ಆಗಿರಲಿಲ್ಲ.

ಮುಂದಿನ ವಾರ ಗೆಳತಿಯ ಯಂತ್ರ ತರಿಸಿದೆವು. ಹತ್ತು ನೋಡೋಣ ಎಂದೆ, ಪರೀಕ್ಷೆ ಮಾಡುವವನ ಗತ್ತಿನಲ್ಲಿ. ಪಂಪ್‌ಸೆಟ್ಟಿನ ಮಗ್ಗುಲಿನ ಮರಕ್ಕೆ ಅದನ್ನು ಕಟ್ಟಿ, ಹಗ್ಗ ಎಳೆದು ನೋಡಿ, ಅವಳು ಹತ್ತತೊಡಗಿದಳು. ಹೆಜ್ಜೆಗೊಮ್ಮೆ ಕಬ್ಬಿಣ ಕಿರ್ರೆನ್ನುತ್ತಿತ್ತು. ಎರಡಾಳೆತ್ತರ ಏರಿದಾಗ ನನ್ನ ಬಾಯಿಂದ ತಾನಾಗಿಯೇ ಬಂತು, ಬೇಡ ಎಂದು.

ಅವಳು ನಿಂತಳು. ಕೆಳಗೆ ನೋಡಿ, “ಯಾಕಪ್ಪಾ?” ಎಂದಳು.

ಕಾರಣ ಇತ್ತು. ನನ್ನ ಹರೆಯದಲ್ಲಿ, ನಮ್ಮ ತೋಟದಲ್ಲಿ ಕಾಯಿ ಕೆಡವುತ್ತಿದ್ದ ಆಳೊಬ್ಬ ಮಳೆಗೆ ನೆನೆದ ಮರದಿಂದ ಜಾರಿ ಬಿದ್ದ. ಮೊದಲು ಓಡಿಹೋದವನು ನಾನು. ಅವನು ಬಿದ್ದಿದ್ದ ರೀತಿಯನ್ನು ಮನೆಯಲ್ಲಿ ಯಾರಿಗೂ ಹೇಳಿದವನಲ್ಲ, ಹೆಂಡತಿಗೂ ಇಲ್ಲ. ಮಗಳು ಮೊದಲ ಸಲ ಕೇಳಿದಾಗ ಕಣ್ಣಿಗೆ ಕಟ್ಟಿದ್ದು ಅದೇ. ಬಾಯಿಗೆ ಮಾತ್ರ ಒಂದೇ ಮಾತು ಬಂದಿತ್ತು. ಈಗಲೂ ಆ ಕಥೆ ಹೊರಡಲಿಲ್ಲ.

“ಹೆದ್ರಿಕೆ ಆಯ್ತದೆ ಕಣವ್ವ,” ಎಂದೆ.

ಅವಳು ಹಗ್ಗವನ್ನು ಇನ್ನೊಮ್ಮೆ ಎಳೆದು ನೋಡಿದಳು. ಆಮೇಲೆ, “ನಂಗೂ ಆಯ್ತದೆ,” ಎಂದಳು. ಕಬ್ಬಿಣ ಮತ್ತೆ ಕಿರ್ರೆಂದಿತು, ಒಂದು ಹೆಜ್ಜೆ ಮೇಲೆ ಹೋದಳು. “ನೀನು ಅಲ್ಲೇ ನಿಂತಿರಪ್ಪ.”