ಉಡಿದಾರ ಕಿತ್ತ ಜಾಗ

ನನಗೆ ಈಜು ಬರುತ್ತದೋ ಇಲ್ಲವೋ ಎಂಬುದು ನನಗೇ ತಿಳಿಯದೆ ಇಡೀ ಒಂದು ಬೇಸಿಗೆ ಕಳೆಯಿತು. ಕೇಳಿದವರು ನಗುತ್ತಾರೆ. ಈಜು ಎಂದರೆ ಸೈಕಲ್ ಇದ್ದ ಹಾಗೆ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಅದರಲ್ಲಿ ಅನುಮಾನವೇನು ಎನ್ನುತ್ತಾರೆ. ಆದರೆ ಆ ಹೊತ್ತಿಗೆ ನಾನು ಪಾಂಡವಪುರದ ದೊಡ್ಡ ನಾಲೆಯನ್ನು ದಾಟಿದ್ದು ಒಂದೇ ಒಂದು ಸಲ. ಅದನ್ನು ಕಂಡವರು ಇಬ್ಬರು. ಆ ಇಬ್ಬರ ಮಾತು ಒಂದಕ್ಕೊಂದು ಕೂಡುವುದಿಲ್ಲ. ನನ್ನ ನೆನಪು ಬೆಳಿಗ್ಗೆ ಒಬ್ಬರ ಕಡೆ, ಸಂಜೆ ಇನ್ನೊಬ್ಬರ ಕಡೆ. ಮತ್ತೆ ಇಳಿದು ನೋಡೋಣವೆಂದರೆ ಅಷ್ಟರಲ್ಲಿ ನಾಲೆಯ ನೀರು ನಿಲ್ಲಿಸಿಬಿಟ್ಟಿದ್ದರು.

ನಾನು ಚಳ್ಳಕೆರೆ ಕಡೆಯವನು. ನಮ್ಮಲ್ಲಿ ನೀರು ಎಂದರೆ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುವ ವಸ್ತು. ಅದರೊಳಗೆ ಮನುಷ್ಯ ಇಳಿಯಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ಮೈಸೂರಿನಲ್ಲಿ ಮನೋವಿಜ್ಞಾನ ಓದಿ, ಪಾಂಡವಪುರದ ಒಂದು ಬಿ.ಎಡ್. ಕಾಲೇಜಿಗೆ ಪಾಠ ಮಾಡಲು ಬಂದೆ. ಒಂದು ವರ್ಷ ಇದ್ದು ಬೇರೆ ಕಡೆ ನೋಡಿಕೊಳ್ಳುವುದು ಎಂದುಕೊಂಡೇ ಬಂದವನು. ಆದರೆ ಮೊದಲ ವಾರದಿಂದಲೇ ಕಾಲು ನಿಲ್ಲಲಿಲ್ಲ. ಕಾಲೇಜು ಬಿಟ್ಟರೆ ಬಸ್ಸು. ಒಂದು ಭಾನುವಾರ ಶ್ರೀರಂಗಪಟ್ಟಣ, ಇನ್ನೊಂದು ಭಾನುವಾರ ಕೆ.ಆರ್.ಪೇಟೆ, ಸುಮ್ಮನೆ ಮೇಲುಕೋಟೆಯವರೆಗೆ ಹೋಗಿ ಪುಳಿಯೋಗರೆ ತಿಂದು ವಾಪಸ್ಸು. ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಸಾಕು, ಗದ್ದೆಯಲ್ಲಿ ನೀರು, ಗದ್ದೆಯ ಬದಿಯ ಕಾಲುವೆಯಲ್ಲಿ ನೀರು, ಕಾಲುವೆಯ ಮೇಲೆ ಇನ್ನೊಂದು ಕಾಲುವೆ. ಯಾರೂ ಕಾವಲಿಲ್ಲದೆ ಅಷ್ಟೊಂದು ನೀರು ತನ್ನಷ್ಟಕ್ಕೆ ಬಿಸಿಲಿನಲ್ಲಿ ನಡೆದುಕೊಂಡು ಹೋಗುವುದನ್ನು ಕಂಡು ನನಗೆ ಕೂಗಬೇಕು ಅನ್ನಿಸುತ್ತಿತ್ತು. ಪಕ್ಕದಲ್ಲಿ ಕೂತವರು ಮೊಬೈಲು ನೋಡುತ್ತಿದ್ದರು.

ನಾನು ಬಾಡಿಗೆಗಿದ್ದ ಮನೆ ನಾಲೆ ಏರಿಗೆ ಹತ್ತಿರ. ಮನೆ ಮಾಲೀಕರು ನಿವೃತ್ತ ಬಸ್ ಕಂಡಕ್ಟರು, ಕೆಳಗಿನ ಮನೆಯಲ್ಲಿ ಇರುತ್ತಿದ್ದರು. ಮಹಡಿಯ ಕೋಣೆಯಲ್ಲಿ ನನ್ನ ಜೊತೆಗಿದ್ದವನು ನಾಗಮಂಗಲದ ಕಡೆಯ ಮುಸ್ಲಿಂ ಹುಡುಗ, ನನಗಿಂತ ಒಂದೆರಡು ವರ್ಷಕ್ಕೆ ಚಿಕ್ಕವನು, ಹಾಲಿನ ವ್ಯಾನ್ ಓಡಿಸುತ್ತಿದ್ದ. ಅಡುಗೆ ಅವನದು, ಪಾತ್ರೆ ನನ್ನದು. ನಾನು ಒಮ್ಮೆ ಮುದ್ದೆ ತೊಳಸಿದೆ. ಅದನ್ನು ಗೋಡೆ ಬಿರುಕಿಗೆ ಮೆತ್ತಬಹುದು ಎಂದು ಅವನು ಮಾಲೀಕರಿಗೆ ವರದಿ ಒಪ್ಪಿಸಿದ ಮೇಲೆ ಆ ಹಂಚಿಕೆ ಬದಲಾಗಲಿಲ್ಲ.

ದಿನಾ ಸಂಜೆ ನಾಲೆ ಏರಿಯ ಮೇಲೆ ನಿಂತು ನೀರನ್ನು ನೋಡುತ್ತಿದ್ದ ನನ್ನನ್ನು ಮಾಲೀಕರು ಕೆಲವು ದಿನ ಗಮನಿಸಿದರು. ಆಮೇಲೆ ಒಂದು ದಿನ, "ನೋಡಿದ್ರೆ ಬರಾಕಿಲ್ಲ ಮೇಷ್ಟ್ರೇ, ಇಳೀಬೇಕು," ಎಂದರು. ಬೀದಿಯ ಗಂಡಸರಿಗೆಲ್ಲ ಈಜು ಕಲಿಸಿದ್ದು ತಾವೇ ಎಂಬುದು ಅವರ ಹೇಳಿಕೆ. ಆ ಗಂಡಸರಲ್ಲಿ ಕೆಲವರು ಅವರಿಗಿಂತ ವಯಸ್ಸಾದವರು.

ಮೊದಲ ದಿನವೇ ಒಂದು ತೊಡಕು ಬಂತು. ನಾನು ಅಂಗಿ ಪ್ಯಾಂಟು ಬಿಚ್ಚಿ ಚಡ್ಡಿಯಲ್ಲಿ ನಿಂತಾಗ ಅವರು ನನ್ನ ಸೊಂಟವನ್ನೇ ನೋಡಿದರು. ಉಡಿದಾರ ಇರಲಿಲ್ಲ. ವಿಶ್ವವಿದ್ಯಾಲಯದ ದಿನಗಳಲ್ಲಿ, ಸೊಂಟಕ್ಕೆ ಕರಿ ದಾರ ಕಟ್ಟಿಕೊಂಡು ವಿಜ್ಞಾನ ಓದುವುದು ನಾಚಿಕೆಗೇಡು ಎಂದು ತೀರ್ಮಾನಿಸಿ ನಾನೇ ಕತ್ತರಿಸಿ ಎಸೆದಿದ್ದೆ. ಅದನ್ನೂ, ಅದರ ಹಿಂದಿನ ವಿಚಾರವನ್ನೂ ನಾಲೆಯ ಮೆಟ್ಟಿಲ ಮೇಲೆ ನಿಂತು ಅವರಿಗೆ ವಿವರಿಸಿದೆ. ಟಿಕೆಟ್ ಇಲ್ಲದ ಪ್ರಯಾಣಿಕನ ಕಥೆ ಕೇಳುವ ಹಾಗೆ ಅವರು ಪೂರ್ತಿ ಕೇಳಿಸಿಕೊಂಡರು.

"ಅದೆಲ್ಲ ಸರಿ ಕಣ್ಲಾ. ನೀನ್ ಮುಳುಗ್ದಾಗ ನಾನ್ ಏನ್ ಇಡ್ಕಂಡ್ ಎಳೀಲಿ? ಚಡ್ಡಿ ಇಡ್ಕಂಡ್ರೆ ಚಡ್ಡಿ ಬತ್ತದೆ. ನೀನ್ ಅಲ್ಲೇ ಇರ್ತೀಯ."

ದಡದ ಮೇಲೆ ಮೇಷ್ಟ್ರೇ, ನೀರಿನ ಹತ್ತಿರ ಲಾ. ಅದು ಕೊನೆಯವರೆಗೂ ಹಾಗೇ ನಡೆಯಿತು.

ಸಂಜೆ ಪೇಟೆಯ ಅಂಗಡಿಯಲ್ಲಿ ಉಡಿದಾರ ಕೇಳಿದೆ. ಮಗುವಿಗೆ ಎಷ್ಟು ತಿಂಗಳು ಎಂದು ಅಂಗಡಿಯಾಕೆ ಕೇಳಿದರು. ನನಗೇ ಎಂದೆ. ಆಕೆ ತಲೆ ಎತ್ತಿ ಒಮ್ಮೆ ಅಳತೆ ನೋಡಿ ದಪ್ಪನೆಯದು ಕೊಟ್ಟರು. ಊರಿನಲ್ಲಿದ್ದ ಅವ್ವನಿಗೆ ಫೋನಿನಲ್ಲಿ ಹೇಳಿದಾಗ ಬಹಳ ಸಂತೋಷಪಟ್ಟಳು. ಇದು ಈಜಿನ ಸಲಕರಣೆ, ಬೇರೇನೂ ಅಲ್ಲ ಎಂದು ಸ್ಪಷ್ಟಪಡಿಸಿದೆ. ಯಾತಕ್ಕಾದರೂ ಇರಲಿ, ಕಟ್ಟಿದೆಯಲ್ಲ ಎಂದಳು.

ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿ ಕಲಿಸಿದರು. ಕ್ಯಾನು ಹಳದಿ ಬಣ್ಣದ್ದು ಎಂದು ನನ್ನ ನೆನಪು. ಮಾಲೀಕರು ಬಿಳಿ ಎನ್ನುತ್ತಾರೆ. ಅದು ಆಮೇಲೆ ಯಾರದೋ ಹಟ್ಟಿ ಸೇರಿತು, ಹಾಗಾಗಿ ಇತ್ಯರ್ಥವಾಗಲಿಲ್ಲ. ಮೊದಲು ದಡದ ಪಕ್ಕದಲ್ಲೇ, ಮೆಟ್ಟಿಲು ಹಿಡಿದು ಕಾಲು ಬಡಿಯುವುದು. ಆಮೇಲೆ ಮೆಟ್ಟಿಲು ಬಿಟ್ಟು. ಮೂಗಿಗೆ ನೀರು ಹೋಗಿ ನೆತ್ತಿ ಉರಿಯುತ್ತಿದ್ದರೂ ನಾಳೆ ಯಾವಾಗ ಆಗುತ್ತದೋ ಎಂದು ಕಾಯುತ್ತಿದ್ದೆ. ಪಾಠದ ಮಧ್ಯೆ ಮೇಜಿನ ಕೆಳಗೆ ನನ್ನ ಕಾಲು ತಾನಾಗಿ ಆಡುತ್ತಿತ್ತು. ಮೈಯೆಲ್ಲ ನಾಲೆಯ ಕೆಸರಿನ ವಾಸನೆ. ಅದನ್ನು ತೊಳೆದುಕೊಳ್ಳಲು ಮನಸ್ಸಿರಲಿಲ್ಲ.

ಒಂದು ಭಾನುವಾರ ಕ್ಯಾನು ಬಿಚ್ಚಿದರು. ಮಾಲೀಕರು ಹಿಂದಿನಿಂದ ನನ್ನ ಉಡಿದಾರದೊಳಗೆ ಬೆರಳು ತೂರಿಸಿ ಹಿಡಿದುಕೊಂಡು ಜೊತೆಯಲ್ಲೇ ಈಜುವುದು, ನಾನು ಆಚೆ ದಡಕ್ಕೆ ಹೋಗುವುದು ಎಂದು ಮಾತಾಯಿತು. ವ್ಯಾನ್ ಗೆಳೆಯ ಆಚೆ ದಡದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ನನಗೆ ನೆನಪಿರುವುದು ಇಷ್ಟು: ಸೊಂಟದ ಹಿಂದೆ ಬೆರಳಿನ ಗಂಟುಗಳು ಒತ್ತುತ್ತಿದ್ದದ್ದು, ನೀರು ಎಡಕ್ಕೆ ಎಳೆಯುತ್ತಿದ್ದದ್ದು, ಬಾಯಿ ತುಂಬ ನೀರು, ಆಮೇಲೆ ಇದ್ದಕ್ಕಿದ್ದಂತೆ ಎದುರಿಗೆ ಗೆಳೆಯನ ಎರಡು ಪಾದ. ಹೊಂಗೆ ಬೇರು ಹಿಡಿದು ಮೇಲೆ ಹತ್ತಿದೆ. ಕೂಗಿದೆ, ಕುಣಿದೆ, ಗೆಳೆಯನನ್ನು ಒದ್ದೆ ಮೈಯಲ್ಲೇ ತಬ್ಬಿಕೊಂಡೆ. ಬಟ್ಟೆ ಈಚೆ ದಡದಲ್ಲಿದ್ದುದರಿಂದ ಮೂವರೂ ಸೇತುವೆ ಬಳಸಿ ನಡೆದು ಬಂದೆವು. ಸೇತುವೆ ಹತ್ತಿರದ ಬೇಕರಿಯಲ್ಲಿ ನನ್ನ ವಿದ್ಯಾರ್ಥಿಗಳು ಇದ್ದರು. ಚಡ್ಡಿಯಲ್ಲೇ ಕೈ ಎತ್ತಿ ನಮಸ್ಕಾರ ಮಾಡಿದೆ. ಆಗಲೇ ಸೊಂಟ ಹಗುರ ಅನ್ನಿಸಿದ್ದು. ಮುಟ್ಟಿ ನೋಡಿದೆ. ಉಡಿದಾರ ಇರಲಿಲ್ಲ.

ಅಲ್ಲಿಂದ ಶುರುವಾಯಿತು. ದಾರ ಎಲ್ಲಿ ಕಿತ್ತಿತು?

ಸಂಜೆ ಕಾಫಿಗೆ ಕೂತಾಗ ಕೇಳಿದೆ. ಅರ್ಧ ನಾಲೆಯಲ್ಲೇ ದಾರ ಕಿತ್ತು ಕೈಗೆ ಬಂತು, ತಾವು ಅದನ್ನು ನೀರಿಗೆ ಬಿಟ್ಟು ಹಿಂದೆ ಉಳಿದೆವು, ಉಳಿದರ್ಧ ನಾನೊಬ್ಬನೇ ಹೋದೆ ಎಂದು ಮಾಲೀಕರು ಹೇಳಿದರು. ಗೆಳೆಯ ಲೋಟ ಕೆಳಗಿಟ್ಟ.

"ಅರೆ ಅಂಕಲ್, ಕಸಮ್ ಸೇ, ಆಣೆ ಮಾಡಿ ಹೇಳಿ. ಕೊನೇವರ್ಗೂ ನಿಮ್ ಕೈ ಇತ್ತು. ಇವ್ರು ಬೇರು ಇಡ್ಕಂಡ್ ಮೇಲಕ್ ಎಗರುದ್ರಲ್ಲ, ಆಗ ಕಿತ್ತೋಯ್ತು."

"ನೀನ್ ಏನ್ ಕಂಡೆ ಬುಡ್ಲಾ. ನೀರಲ್ಲಿ ಇದ್ದೋನ್ ನಾನು."

"ನೋಡ್ತಿದ್ದೋನ್ ನಾನು."

ನನಗೆ ಬೇಕಾಗಿದ್ದು ಬರಿಯ ಜಂಬವಲ್ಲ. ಮುಂದಿನ ಸಲ ನೀರು ಬಿಟ್ಟಾಗ ಕ್ಯಾನೂ ಇಲ್ಲ, ಹಿಡಿಯುವುದೂ ಇಲ್ಲ, ನೇರ ಧುಮುಕುವುದು ಎಂದು ಮಾಲೀಕರು ಅದೇ ಕೂಟದಲ್ಲಿ ಘೋಷಿಸಿಬಿಟ್ಟಿದ್ದರು. ನಾನೂ ಉತ್ಸಾಹದಲ್ಲಿ ಹೂಂ ಎಂದಿದ್ದೆ. ಅವರ ಮಾತು ನಿಜವಾಗಿದ್ದರೆ ನಾನು ಈಜುಗಾರ. ಗೆಳೆಯನ ಮಾತು ನಿಜವಾಗಿದ್ದರೆ ನಡು ನಾಲೆಯಲ್ಲಿ ಮುಳುಗುವವನು.

ತರಗತಿಯಲ್ಲಿ ನಾನು ನೆನಪಿನ ಬಗ್ಗೆ ಪಾಠ ಮಾಡುವುದುಂಟು. ಯಾರನ್ನಾದರೂ ನಡುವೆ ಕರೆಸಿ, ಚಾಕ್‌ಪೀಸು ತೆಗೆದುಕೊಂಡು ಹೋಗಲು ಹೇಳಿ, ಆಮೇಲೆ ಅವರ ಅಂಗಿಯ ಬಣ್ಣ ಬರೆಯಿರಿ ಎನ್ನುತ್ತೇನೆ. ಎಲ್ಲರೂ ಬೇರೆ ಬೇರೆ ಬಣ್ಣ ಬರೆಯುತ್ತಾರೆ, ಎಲ್ಲರೂ ಖಚಿತವಾಗಿ ಬರೆಯುತ್ತಾರೆ. ಈಗ ಅದು ನನ್ನ ಸೊಂಟಕ್ಕೇ ಬಂದಿತ್ತು. ಮಾಲೀಕರ ಮಾತು ಕೇಳಿ ಮಲಗಿದರೆ, ನಡು ನೀರಿನಲ್ಲಿ ಬೆನ್ನ ಹಿಂದೆ ತಟ್ಟನೆ ತಣ್ಣಗಾದದ್ದು ಸ್ಪಷ್ಟವಾಗಿ ನೆನಪಾಗುತ್ತಿತ್ತು. ಗೆಳೆಯನ ಮಾತು ಕೇಳಿದರೆ ಅದೇ ತಂಪು ದಾರ ಒತ್ತಿದ ನೋವಾಗಿ ಬದಲಾಗುತ್ತಿತ್ತು. ಎರಡೂ ಅಷ್ಟೇ ನಿಜವಾಗಿದ್ದವು.

ಸಾಕ್ಷ್ಯ ಬೇಕಲ್ಲ. ನೀರು ನಿಂತು ನಾಲೆ ಖಾಲಿಯಾದ ಮೇಲೆ ನಾನೇ ಒಳಗಿಳಿದು ಹುಡುಕಿದೆ. ದಾರ ನಡುವಿನಲ್ಲಿ ಎಲ್ಲಾದರೂ ಸಿಕ್ಕಿಕೊಂಡಿದ್ದರೆ ಒಂದು ತೀರ್ಪು, ಹೊಂಗೆ ಬೇರಿನ ಹತ್ತಿರ ಸಿಕ್ಕರೆ ಇನ್ನೊಂದು. ಹರಿಯುವ ನೀರು ದಾರವನ್ನು ಅಲ್ಲೇ ಇಟ್ಟಿರುವುದಿಲ್ಲ ಎಂಬ ಸಣ್ಣ ವಿಚಾರ ನನಗೆ ಹೊಳೆದದ್ದು ಮೊಣಕಾಲವರೆಗೆ ಕೆಸರಾದ ಮೇಲೆ. ಒಂಟಿ ಚಪ್ಪಲಿಗಳು, ತೆಂಗಿನ ಚಿಪ್ಪು, ಒಂದು ಸ್ಟೀಲ್ ಚೊಂಬು ಸಿಕ್ಕವು. ಏರಿಯ ಮೇಲೆ ಮೇಕೆ ಮೇಯಿಸುತ್ತಿದ್ದ ಹೆಂಗಸು ಏನು ಕಳೆದುಕೊಂಡೆ ಎಂದು ಕೇಳಿದಳು. ಉಡಿದಾರ ಎಂದೆ.

"ಬೆಳ್ಳೀದಾ ಮಗ?"

"ಇಲ್ಲ, ದಾರದ್ದು."

ಆಕೆ ಮೇಕೆಗಳನ್ನು ನನ್ನಿಂದ ದೂರ ಹೊಡೆದುಕೊಂಡು ಹೋದಳು. ಹೊಂಗೆ ಬೇರಿನಲ್ಲಿ ನಿಜಕ್ಕೂ ಒಂದು ಕರಿ ದಾರ ಸಿಕ್ಕಿತು. ಬಿಡಿಸಿ ನೋಡಿದೆ. ಆದರೆ ಈ ಊರಿನ ಯಾವ ಗಂಡಸಿನ ಸೊಂಟದಲ್ಲಿ ಅಂಥ ದಾರ ಇಲ್ಲ? ನನ್ನದಕ್ಕೆ ನಾನು ಹಾಕಿದ್ದ ಗಂಟು ಎಂಥದು ಎಂಬುದೇ ನನಗೆ ನೆನಪಿರಲಿಲ್ಲ. ಮಾರನೆಯ ದಿನದಿಂದ ಬೀದಿಯವರು ಹಾಲಿನ ಡೇರಿ ಹತ್ತಿರ, ಸಿಕ್ತಾ ಮೇಷ್ಟ್ರೇ, ಎಂದು ಕೇಳತೊಡಗಿದರು.

ಸಾಕ್ಷಿಗಳನ್ನು ಒಬ್ಬೊಬ್ಬರನ್ನೇ ವಿಚಾರಿಸಿದೆ. ಒಂದು ರಜೆಯ ದಿನ ಗೆಳೆಯನ ವ್ಯಾನಿನಲ್ಲಿ ನಾಗಮಂಗಲ ದಾಟಿ ಬೆಳ್ಳೂರಿನವರೆಗೂ ಹೋದೆ. ಆ ಕಡೆಯ ಒಣ ಹೊಲ ನಮ್ಮೂರಿನ ಹಾಗೇ ಇದೆ. ಮೊದಲಾಗಿದ್ದರೆ ಮನೆಗೆ ಬಂದಂತೆ ಅನ್ನಿಸುತ್ತಿತ್ತೋ ಏನೋ, ಈಗ ವಾಪಸ್ಸು ನಾಲೆಯ ಕಡೆ ಹೋಗುವ ಆತುರ. ಬೆಳ್ಳೂರಿನ ಕ್ರಾಸಿನಲ್ಲಿ ಟೀ ಕುಡಿಯುತ್ತಾ ಮೆಲ್ಲಗೆ ಕೇಳಿದೆ. ಆ ಹೊತ್ತು ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಸರಿಯಾಗಿ ಕಾಣಲಿಲ್ಲ ಎಂದು ಅವನು ಒಪ್ಪಿಕೊಂಡ. ನನಗೆ ಹುರುಪು ಬಂತು. "ಆದ್ರೂ ಇಡ್ಕಂಡಿದ್ರು," ಎಂದು ಸೇರಿಸಿದ. ಮಾಲೀಕರದ್ದು ಬೇರೆ ರೀತಿ. ಅವರು ಪ್ರತಿ ಸಲ ಹೇಳುವಾಗಲೂ ದಾರ ಕಿತ್ತ ಜಾಗ ಈಚೆ ದಡದ ಹತ್ತಿರಕ್ಕೆ ಬರುತ್ತಿತ್ತು. ಯುಗಾದಿಯ ಹೊತ್ತಿಗೆ ನಾನು ಮೆಟ್ಟಿಲಿನಿಂದಲೇ ಒಬ್ಬನೇ ಹೋಗಿದ್ದೆ.

ಶ್ರೀರಂಗಪಟ್ಟಣದ ಹೊಳೆಯಲ್ಲಿ ನೋಡಿಬಿಡೋಣ ಎಂದು ಹೋದೆ. ಅಲ್ಲಿ ಬಂಡೆ, ಸುಳಿ, ಕಲಿಯುವವರು ಇಳಿಯುವ ಜಾಗವಲ್ಲ ಎಂದು ಮಾಲೀಕರು ಗದರಿ ಕಳಿಸಿದ್ದರು. ಹೊಳೆ ಪಕ್ಕದ ಮಂಟಪದ ಮೆಟ್ಟಿಲಲ್ಲಿ ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು ಮೀನುಗಳಿಗೆ ಪುರಿ ಹಾಕಿ ಬಂದೆ. ಮಹಡಿಯ ಮೇಲೆ ಚಾಪೆ ಹಾಸಿ ಬೋರಲು ಮಲಗಿ ಕೈಕಾಲು ಬಡಿದೆ. ಚಾಪೆಯ ಮೇಲೆ ನಾನು ಅಪ್ರತಿಮ.

ಮುಂಗಾರಿನ ನಡುವೆ ಒಂದು ಬೆಳಿಗ್ಗೆ ನಾಲೆಗೆ ನೀರು ಬಿಟ್ಟರು. ಗೆಳೆಯ ಹಾಲು ಇಳಿಸಿ ಬಂದವನು ವ್ಯಾನು ನಿಲ್ಲಿಸುವ ಮುಂಚೆಯೇ ಹಾರನ್ ಹೊಡೆಯುತ್ತಿದ್ದ. ಏರಿಗೆ ಓಡಿದೆ. ಒಣ ತಳದ ಮೇಲೆ ನೀರಿನ ಮೊದಲ ಅಂಚು ನೊರೆ, ಎಲೆ, ಒಂದು ಪ್ಲಾಸ್ಟಿಕ್ ಚೆಂಡು ಎಲ್ಲವನ್ನೂ ತಳ್ಳಿಕೊಂಡು ನಡಿಗೆಯ ವೇಗದಲ್ಲಿ ಬರುತ್ತಿತ್ತು. ನಾನು ಅದರ ಪಕ್ಕದಲ್ಲೇ ಏರಿಯ ಮೇಲೆ ನಡೆದೆ. ಭಾನುವಾರದ ಹೊತ್ತಿಗೆ ನಾಲೆ ತುಂಬಿತು.

ಹೊಸ ಉಡಿದಾರ ಕಟ್ಟಿದ್ದೆ, ಈ ಸಲ ಗಂಟಿನ ಫೋಟೋ ತೆಗೆದಿಟ್ಟುಕೊಂಡು. ಗೆಳೆಯ ಆಚೆ ದಡದಲ್ಲಿ ಹಗ್ಗಕ್ಕೆ ಕಟ್ಟಿದ ಬೇರೊಂದು ಕ್ಯಾನು ಹಿಡಿದು ನಿಂತಿದ್ದ, ಬೇಕಾದರೆ ಎಸೆಯಲು. ಮಾಲೀಕರು ನನ್ನ ಪಕ್ಕದಲ್ಲಿ ಮೆಟ್ಟಿಲ ಮೇಲೆ. ನಾನು ಮೊದಲಿನಿಂದಲೇ ಒಬ್ಬನೇ ಹೋಗಿದ್ದೆ ಎಂದು ಬೇಸಿಗೆಯೆಲ್ಲ ಬೀದಿಗೆ ಸಾರಿದ ಆ ಮನುಷ್ಯ ನೀರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ದನಿ ತಗ್ಗಿಸಿದರು.

"ಇಡ್ಕಳ್ಳಾ?"

ಅಂದರೆ ಅವರಿಗೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಬನ್ನಿ, ಆದರೆ ಮುಟ್ಟಬೇಡಿ ಎಂದೆ. ಹೇಳಿದ ಮೇಲೆ ನಿಲ್ಲಲು ಆಗಲಿಲ್ಲ, ಧುಮುಕಿದೆ.

ಎಲ್ಲವನ್ನೂ ಗಮನಿಸಿ ನೆನಪಿಟ್ಟುಕೊಳ್ಳಬೇಕು ಎಂದು ನಿಶ್ಚಯಿಸಿಕೊಂಡಿದ್ದೆ. ಉಳಿದದ್ದು ಬಹಳ ಕಡಿಮೆ. ಮೇಲಿನಿಂದ ಯಾರೋ ಬಟ್ಟೆ ಒಗೆಯುತ್ತಿದ್ದ ಸಾಬೂನಿನ ವಾಸನೆ ಮೂಗಿಗೆ ಬಡಿಯಿತು. ಒಂದು ಸಲ ಮುಳುಗಿದೆ, ಕಾಲು ತಾನಾಗಿ ಬಡಿಯಿತು, ಮೇಲೆ ಬಂದೆ. ನೀರು ನನ್ನನ್ನು ಎಡಕ್ಕೆ ಒಯ್ದಿತು, ಆದರೆ ಮುಂದಕ್ಕೂ ಹೋಗುತ್ತಿದ್ದೆ. ಹೊಂಗೆಯ ಬೇರು ತಪ್ಪಿ, ಅದರಿಂದ ಬಹಳ ಕೆಳಗೆ ಹುಲ್ಲು ಹಿಡಿದು ಹತ್ತಿದೆ. ಮೊದಲು ಸೊಂಟ ಮುಟ್ಟಿ ನೋಡಿದೆ. ದಾರ ಇತ್ತು.

ಗೆಳೆಯ ಕ್ಯಾನು ಹಿಡಿದೇ ಓಡಿ ಬಂದ, ಮಾಲೀಕರು ಏದುಸಿರು ಬಿಡುತ್ತಾ ನೀರಿನಿಂದ ಎದ್ದರು. ನಾನು ಕೂಗಲು ಬಾಯಿ ತೆರೆದೆ.

"ಮುಳುಗ್ದಾಗ ಒಂದ್ ಸಲ ಕೈ ಕೊಟ್ರಿ ಅಂಕಲ್. ನಾನ್ ನೋಡ್ದೆ," ಎಂದ ಗೆಳೆಯ.

"ಎಲ್ಲೋ ಕೊಟ್ಟೆ? ಪಕ್ಕದಲ್ಲಿ ಈಜ್ತಾ ಇದ್ರೆ ಕೈ ಆಡ್ಸಬಾರ್ದಾ?"

"ಕೈ ಕೊಡದ್ ಬೇರೆ, ಕೈ ಆಡ್ಸದ್ ಬೇರೆ."

ಅವರು ನನ್ನನ್ನು ಮರೆತೇಬಿಟ್ಟರು. ಮಾಲೀಕರು ನೀರಿನಲ್ಲಿ ತಮ್ಮ ಕೈ ಹೇಗಿತ್ತು ಎಂದು ತೋರಿಸುತ್ತಿದ್ದರು, ಗೆಳೆಯ ಕ್ಯಾನನ್ನು ನಾನೆಂದು ಮಾಡಿ ತಾನು ಕಂಡದ್ದನ್ನು ತೋರಿಸುತ್ತಿದ್ದ. ನನ್ನ ಅಂಗಿ, ಪ್ಯಾಂಟು, ಚಪ್ಪಲಿ ಎಲ್ಲ ನಾನು ಹೊರಟ ದಡದ ಮೆಟ್ಟಿಲ ಮೇಲೆ ಬಿಸಿಲಿನಲ್ಲಿದ್ದವು. ಸೇತುವೆ ದೂರ, ಬೇಕರಿಯ ಮುಂದೆಯೇ ಹೋಗಬೇಕು.

ಏರಿಯ ಮೇಲೆ ಸ್ವಲ್ಪ ಮೇಲಕ್ಕೆ ನಡೆದು ಮತ್ತೆ ನೀರಿಗಿಳಿದೆ. ಈ ಸಲ ಏನನ್ನೂ ಗಮನಿಸುವ ಗೋಜಿಗೆ ಹೋಗಲಿಲ್ಲ, ಕೈಕಾಲು ಅವುಗಳ ಪಾಡಿಗೆ ನಡೆದವು. ನಡು ನಾಲೆಗೆ ಬಂದಾಗ ತಲೆ ಎತ್ತಿ ಉಸಿರು ತೆಗೆದುಕೊಂಡೆ. ಹಿಂದಿನ ದಡದಿಂದ ಎರಡು ದನಿ ಕೇಳಿಸಿದವು, ಒಂದು ಕಸಮ್ ಸೇ ಅನ್ನುತ್ತಿತ್ತು, ಇನ್ನೊಂದು ಬುಡ್ಲಾ ಅನ್ನುತ್ತಿತ್ತು. ಇಬ್ಬರೂ ಅಲ್ಲೇ, ದಡದ ಮೇಲೇ ಇದ್ದರು.